ನಮ್ಮ ಇಗರ್ಜಿಯ ದಾಖಲೆ ಪುಸ್ತಕಗಳೂ ನಮ್ಮ ವಂಶಚರಿತ್ರೆಯೂ

(ಶತಮಾನೋತ್ಸವದ ಪ್ರಯುಕ್ತ ಜರಗಿದ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಇಗರ್ಜಿಯನ್ನು ಕಟ್ಟಿಸಿದ ಗುರುಗಳನ್ನೂ ಸ್ಥಳವಿತ್ತ ದಾನಿಗಳನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅದು ಯುಕ್ತವೇ ಸರಿ. ಆದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಭಾಗ್ಯ ಕೆಲವರದು ಮಾತ್ರ. ಗೇಣಿಯ ಒಕ್ಕಲು, ಕೂಲಿಯ ಹೆಂಗಸು, ಹುಟ್ಟಿದ ಎಂಟೇ ದಿನಗಳಲ್ಲಿ ತೀರಿಹೋದ ಹಸುಳೆ, ಇವರು ತಮ್ಮ ಹೆಸರನ್ನು ಉಳಿಸಿಹೋಗಿರುವ ಸ್ಥಳ ಒಂದೇ ಒಂದು. ಅದು ಗುರುಗಳ ನಿವಾಸದ ಕಪಾಟಿನಲ್ಲಿರುವ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕ. ಆ ಪುಸ್ತಕಗಳನ್ನು ಅಕ್ಷರಶಃ ಪ್ರತಿ ಮಾಡಿಡುವ ಕಾರ್ಯ ಈ ಶತಮಾನೋತ್ಸವದ ಕಾಣಿಕೆಗಳಲ್ಲಿ ಒಂದಾಗಬೇಕೆಂಬುದೇ ನನ್ನ ಇಂದಿನ ವಿಜ್ಞಾಪನೆ.

ಇಂತಹ ಪುಸ್ತಕಗಳನ್ನು ಇಡುವ ಕ್ರಮ ಇಂದು ನಿನ್ನೆಯದಲ್ಲ. ವಧೂವರರ ಹಾಗೂ ಸಾಕ್ಷಿಗಳ ಹೆಸರುಗಳನ್ನೂ ವಿವಾಹದ ದಿನ, ಸ್ಥಳಗಳನ್ನೂ ಗುರುಗಳು ಬರೆದಿಡತಕ್ಕದ್ದೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ಗುಟ್ಟಾಗಿ ಒಬ್ಬಳನ್ನು ಮದುವೆಯಾಗಿ, ಅವಳನ್ನು ತೊರೆದು, ಇನ್ನೊಬ್ಬಳನ್ನು ಬಹಿರಂಗವಾಗಿ ಕೈಹಿಡಿಯುವವರ ಅನ್ಯಾಯವನ್ನು ತಡೆಯುವುದು ಆ ಸುಧಾರಣೆಯ ಉದ್ದೇಶವಾಗಿತ್ತು. ಜ್ಞಾನ ತಂದೆ ತಾಯಿಯರ ಹೆಸರನ್ನು ದಾಖಲಿಸಬೇಕೆಂಬ ಕಟ್ಟಳೆಯೂ ಅದೇ ಮಹಾಸಭೆಯದು. ಮುಂದೆ 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಮನೆಮನೆಯ ಆತ್ಮಗಳ ಸ್ಥಿತಿ ಎಂಬ ಐದು ಪುಸ್ತಕಗಳನ್ನು ಗೊತ್ತುಪಡಿಸಿತು. ವಂಶಾವಳಿ ಬರೆಯುವುದು ಅಂದಿನವರ ಉದ್ದೇಶವಾಗಿರಲಿಲ್ಲ. ಆದರೂ ವಂಶಾವಳಿ ಹುಡುಕುವವನಿಗೆ ಇದಕ್ಕಿಂತ ದೊಡ್ಡ ನಿಧಿ ಬೇರೊಂದಿಲ್ಲ.

ನಮ್ಮ ಕರಾವಳಿಯಲ್ಲಿ ಈ ನಿಧಿಗೆ ಒಮ್ಮೆ ಮಹತ್ತಾದ ನಷ್ಟವಾಗಿದೆ. ಗೋವೆಯಿಂದ ಬಂದ ನಮ್ಮ ಹಿರಿಯರು ನೆಲೆಸಿದ ಊರುಗಳಲ್ಲಿ ಇಗರ್ಜಿಗಳು ಎದ್ದಿದ್ದವು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟಾಗ ಮಿಲಾಗ್ರಿಸ್ ಸಹಿತ ಅನೇಕ ಇಗರ್ಜಿಗಳು ನೆಲಸಮವಾದವು. ಅವುಗಳ ಪುಸ್ತಕಗಳೂ ಬಹುಮಟ್ಟಿಗೆ ಅಳಿದವು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರು ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಯಿತು. ನಮ್ಮಲ್ಲಿ ಹಲವರ ವಂಶಸೂತ್ರ ಅದಕ್ಕಿಂತ ಹಿಂದೆ ಹೋಗಲಾರದೆ ತುಂಡಾಗುವುದು ಈ ಕಾರಣದಿಂದಲೇ.

ಬಳಿಕ ಬರೆದ ಪುಸ್ತಕಗಳಿಗೆ ಈಗ ಬೇರೆ ಶತ್ರುಗಳಿವೆ. ನಾಲ್ಕು ತಿಂಗಳ ಮಳೆಯ ತೇವ, ಗೆದ್ದಲು, ಹಾಳೆಯನ್ನೇ ತಿನ್ನುವ ಹಳೆಯ ಕಬ್ಬಿಣದಂಶದ ಶಾಯಿ, ಇವು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಅಂದಿನ ನಾಶಕ್ಕೆ ಸೈನ್ಯವೇ ಬೇಕಾಗಿತ್ತು. ಇಂದಿನ ನಾಶಕ್ಕೆ ಒಡೆದ ಒಂದು ಹಂಚು ಸಾಕು.

ಈ ಪುಸ್ತಕಗಳಲ್ಲಿ ಏನಿದೆಯೆಂದು ಕೇಳುವವರು ಮೊದಲು ಅವುಗಳ ಅಂಚನ್ನು ನೋಡಬೇಕು. 1908ರ ಪಾಸ್ಖ ಹಬ್ಬದಿಂದ ಜಾರಿಗೆ ಬಂದ ಆಜ್ಞೆಯ ಪ್ರಕಾರ, ಒಬ್ಬನ ಮದುವೆ ಎಲ್ಲಿಯೇ ಜರಗಲಿ, ಆ ಸುದ್ದಿ ಅವನು ಜ್ಞಾನಸ್ನಾನ ಪಡೆದ ಇಗರ್ಜಿಗೆ ತಲುಪಿ ಅಲ್ಲಿಯ ಪುಸ್ತಕದಲ್ಲಿ ದಾಖಲಾಗಬೇಕು. ಹೀಗಾಗಿ ಕರಾವಳಿಯ ಯಾವುದೋ ಹಳ್ಳಿಯ ಪುಸ್ತಕದ ಅಂಚಿನಲ್ಲಿ ಮುಂಬಯಿಯ ಇಗರ್ಜಿಯ ಹೆಸರೋ ಕೊಡಗಿನ ಇಗರ್ಜಿಯ ಹೆಸರೋ ಕಾಣಸಿಗುತ್ತದೆ. ಊರು ಬಿಟ್ಟು ಹೋದ ಮಗ ಎಲ್ಲಿ ನೆಲೆನಿಂತನೆಂಬ ಪ್ರಶ್ನೆಗೆ ಮನೆಯವರು ಮರೆತ ಉತ್ತರವನ್ನು ಆ ಅಂಚು ನೆನಪಿಟ್ಟಿರುತ್ತದೆ.

ಆದರೆ ಪ್ರತಿ ಮಾಡುವ ಕೆಲಸ ಕೇವಲ ಕೈಬರಹದ ಕೆಲಸವಲ್ಲ. ಹಳೆಯ ನಮೂದುಗಳು ಲತೀನಿನಲ್ಲೋ ಪೋರ್ತುಗೀಸಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಲತೀನಿನ ಯೊವಾನ್ನೆಸ್, ಪೋರ್ತುಗೀಸಿನ ಜುವಾಂವ್, ಇಂಗ್ಲಿಷಿನ ಜಾನ್ ಮೂವರಲ್ಲ, ಒಬ್ಬನೇ ಆಗಿರಬಹುದು. ಲತೀನಿನಲ್ಲಿ ಪೇತ್ರುಸ್ ಎಂದರೆ ಪೇತ್ರ, ಪೇತ್ರಿ ಎಂದರೆ ಪೇತ್ರನ. ಇದನ್ನರಿಯದವನು ತಂದೆಗೆ ಇಲ್ಲದ ಹೆಸರನ್ನು ಕಟ್ಟುತ್ತಾನೆ. ತಿಂಗಳನ್ನು 7ಬ್ರಿಸ್ ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲತೀನಿನಲ್ಲಿ ಸೆಪ್ತೆಮ್ ಎಂದರೆ ಏಳು. ಅದೇ ರೀತಿ 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್. ಜ್ಞಾನಸ್ನಾನದ ದಿನವನ್ನು ಜನ್ಮದಿನವೆಂದು ಭಾವಿಸುವುದೂ ಸಾಮಾನ್ಯವಾದ ಭ್ರಮೆ. ಮನೆತನದ ಹೆಸರಿನ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಗೋವೆಯಲ್ಲಿ ನಮ್ಮ ಪೂರ್ವಜರಿಗೆ ಜ್ಞಾನಸ್ನಾನ ಕೊಟ್ಟ ಗುರುಗಳ ಅಥವಾ ಜ್ಞಾನ ತಂದೆಯ ಹೆಸರೇ ಮನೆತನದ ಹೆಸರಾಗಿ ನಿಂತದ್ದುಂಟು. ಆದ್ದರಿಂದ ಇಬ್ಬರು ಪಿಂಟೋಗಳು, ಇಬ್ಬರು ಡಿಸೋಜರು ರಕ್ತಸಂಬಂಧಿಗಳೇ ಆಗಿರಬೇಕೆಂದಿಲ್ಲ.

ಇದರಿಂದ ಒಂದು ನಿಯಮ ಹೊರಡುತ್ತದೆ. ಪ್ರತಿ ಮಾಡುವವನು ತಿದ್ದಬಾರದು. ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ಬರೆದು, ತನ್ನ ಊಹೆಯನ್ನು ಬೇರೆ ಅಂಕಣದಲ್ಲಿ ಹಾಕಬೇಕು. ಓದಲಾಗದ ಅಕ್ಷರದ ಸ್ಥಳವನ್ನು ಖಾಲಿ ಬಿಡಬೇಕು. ಪುಟದ ಸಂಖ್ಯೆಯನ್ನೂ ನಮೂದಿನ ಸಂಖ್ಯೆಯನ್ನೂ ಬರೆಯಬೇಕು. ಒಬ್ಬನು ಬರೆದುದನ್ನು ಇನ್ನೊಬ್ಬನು ಮೂಲದೊಡನೆ ಹೋಲಿಸಿ ನೋಡಬೇಕು.

ಮೂಲವೇ ಹಾಳಾಗಿದ್ದರೆ ನಿರಾಶರಾಗಬೇಕಿಲ್ಲ. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಪ್ರತಿವರ್ಷದ ಕೊನೆಯಲ್ಲಿ ಪುಸ್ತಕಗಳ ಅಧಿಕೃತ ಪ್ರತಿಯನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದು ವಿಧಿಸಿತ್ತು, ಅಲ್ಲಿ ವಿಚಾರಿಸಬಹುದು. ನೂರು ವರ್ಷಕ್ಕೂ ಹಿಂದಿನ ಹಿರಿಯರನ್ನು ಹುಡುಕುವವರು ನಮ್ಮ ಇಗರ್ಜಿ ಬೇರ್ಪಡುವ ಮೊದಲು ನಾವು ಸೇರಿದ್ದ ಮಾತೃ ಇಗರ್ಜಿಯ ಬಾಗಿಲನ್ನು ತಟ್ಟಬೇಕು.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯಕ್ಕೆ ಬರುತ್ತೇನೆ. ಹಳೆಯ ಪುಸ್ತಕಗಳಲ್ಲಿ ತಂದೆಯ ಹೆಸರಿಲ್ಲದ ಮಕ್ಕಳಿದ್ದಾರೆ. ಬೀದಿಯಲ್ಲಿ ಸಿಕ್ಕಿದ ಶಿಶುಗಳಿದ್ದಾರೆ. ಮದುವೆಯ ದಿನಕ್ಕೂ ಚೊಚ್ಚಲ ಮಗುವಿನ ಜ್ಞಾನಸ್ನಾನಕ್ಕೂ ತಿಂಗಳುಗಳ ಲೆಕ್ಕ ಹೊಂದದ ಕುಟುಂಬಗಳಿವೆ. ಮನೆತನದ ಗೌರವಕ್ಕೆ ಕುಂದಾಗುವುದೆಂದು ಅಂತಹ ಸಾಲನ್ನು ಬಿಟ್ಟುಬಿಡಿರೆಂದು ಕೇಳುವವರು ಇರುತ್ತಾರೆ. ಅವರ ಸಂಕಟ ನಿಜವಾದದ್ದು. ಆದರೂ ಸಾಲನ್ನು ಬಿಡಬಾರದೆಂದೇ ನನ್ನ ಅಭಿಪ್ರಾಯ. ಆ ಒಂದು ಸಾಲಿನ ಹೊರತು ಆ ಮಗುವಿಗೆ ಈ ಲೋಕದಲ್ಲಿ ಬೇರೆ ಗುರುತಿಲ್ಲ. ತಂದೆ ತನ್ನ ಹೆಸರು ಕೊಡದಿದ್ದಾಗ ಧರ್ಮಸಭೆ ಅದಕ್ಕೆ ಹೆಸರಿತ್ತು. ಅದನ್ನು ನಾವು ಅಳಿಸಿದರೆ ಅದರ ಕೈಬಿಟ್ಟ ಎರಡನೆಯವರು ನಾವಾಗುತ್ತೇವೆ. ಸಂತ ಮತ್ತಾಯರು ಪ್ರಭುವಿನ ವಂಶಾವಳಿಯನ್ನು ಬರೆದಾಗ ತಾಮಾರಳನ್ನಾಗಲಿ, ರಾಹಾಬಳನ್ನಾಗಲಿ, ಊರೀಯನ ಹೆಂಡತಿಯನ್ನಾಗಲಿ ಮರೆಮಾಡಲಿಲ್ಲ ಎಂಬುದನ್ನು ನಾವು ನೆನೆಯಬೇಕು.

ಆದರೆ ಬರೆದಿಡುವುದು ಬೇರೆ, ಎಲ್ಲರ ಮುಂದೆ ತೆರೆದಿಡುವುದು ಬೇರೆ. ಅವಿವಾಹಿತ ತಾಯಿಯ ಹೆಸರನ್ನು ಯಾವಾಗ ದಾಖಲಿಸಬಹುದು, ತಂದೆಯ ಹೆಸರಿಗೆ ಎಂತಹ ಆಧಾರ ಬೇಕು ಎಂಬುದನ್ನು 1983ರ ಸಂಹಿತೆ ಸ್ಪಷ್ಟವಾಗಿ ಗೊತ್ತುಪಡಿಸಿದೆ. ಅಷ್ಟು ಎಚ್ಚರದಿಂದ ಬರೆದುದನ್ನು ನಾವು ಅಜಾಗ್ರತೆಯಿಂದ ಹಂಚಬಾರದು. ಬದುಕಿರುವವರ ಮತ್ತು ಅವರ ತಂದೆ ತಾಯಿಯರ ನಮೂದು ಅವರಿಗೆ ಮಾತ್ರ ದೊರೆಯಲಿ. ಅದಕ್ಕೂ ಹಿಂದಿನದು, ಧರ್ಮಾಧ್ಯಕ್ಷರ ಅನುಮತಿಯೊಡನೆ, ಹುಡುಕಿ ಬರುವ ಎಲ್ಲರಿಗೂ ತೆರೆಯಲಿ. ಇಂದು ಚಿತ್ರ ತೆಗೆಯುವ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿದೆ. ಒಂದು ಪುಟ ಕ್ಷಣಾರ್ಧದಲ್ಲಿ ಸಮುದ್ರ ದಾಟುತ್ತದೆ. ಆದ್ದರಿಂದ ಈ ಕಟ್ಟುಪಾಡನ್ನು ಮೊದಲೇ ಮಾಡಿಕೊಳ್ಳುವುದು ಲೇಸು.

ಈ ಪುಸ್ತಕಗಳಿಂದ ಇನ್ನೇನು ಪ್ರಯೋಜನವೆಂದು ಯುವಕರು ಕೇಳಬಹುದು. 1969ರ ಕಾಯಿದೆ ಜನನ ಮರಣಗಳ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯಗೊಳಿಸಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ನೌಕರಿಗಳಲ್ಲಿ ಸರ್ಕಾರದ ಜನನ ಪ್ರಮಾಣಪತ್ರವೇ ಆಧಾರ. ಹೀಗೆ ಸರ್ಕಾರಿ ಕಚೇರಿಯ ಭಾರ ನಮ್ಮ ಪುಸ್ತಕಗಳ ಹೆಗಲಿನಿಂದ ಇಳಿಯುತ್ತಿದೆ. ಆದರೆ ಸರ್ಕಾರದ ಪತ್ರದಲ್ಲಿ ಜ್ಞಾನ ತಂದೆ ತಾಯಿಯರಿಲ್ಲ, ನೀರು ಹೊಯ್ದ ಗುರುಗಳಿಲ್ಲ. ಯಾರ ವಿಶ್ವಾಸದ ಕೈಯಿಂದ ಯಾರ ವಿಶ್ವಾಸ ಬೆಳಗಿತೆಂಬುದನ್ನು ಹೇಳುವುದು ನಮ್ಮ ಪುಸ್ತಕ ಮಾತ್ರ.

ಆದಕಾರಣ ಪೂಜ್ಯ ಗುರುಗಳಲ್ಲಿಯೂ ಪಾಲನಾ ಮಂಡಳಿಯಲ್ಲಿಯೂ ನನ್ನ ಬಿನ್ನಹ ಇಷ್ಟೇ. ಗುರುಗಳ ಮೇಲ್ವಿಚಾರಣೆಯಲ್ಲಿ, ಪುಸ್ತಕಗಳು ನಿವಾಸದಿಂದ ಹೊರಹೋಗದಂತೆ, ಓದುಬಲ್ಲ ನಾಲ್ಕು ಮಂದಿ ವಾರಕ್ಕೊಂದು ಸಂಜೆ ಕುಳಿತು ಪ್ರತಿ ಮಾಡಲಿ. ಹಳೆಯ ಅಡ್ಡಹೆಸರುಗಳನ್ನೂ ಮನೆಹೆಸರುಗಳನ್ನೂ ಬಲ್ಲ ವೃದ್ಧರು ಅವರ ಬಳಿ ಕುಳಿತಿರಲಿ. ಪುಸ್ತಕವು ಹಾಳೆಯಲ್ಲಿ ಉಳಿದೀತು, ಆದರೆ ಅದನ್ನು ಬಿಡಿಸಿ ಹೇಳಬಲ್ಲವರು ವರ್ಷ ವರ್ಷವೂ ನಮ್ಮನ್ನಗಲುತ್ತಿದ್ದಾರೆ. ಇದನ್ನು ಈ ವರ್ಷವೇ ಕೈಗೊಳ್ಳೋಣ. ನಮ್ಮೆಲ್ಲರನ್ನೂ ಹೆಸರುಹಿಡಿದು ಬಲ್ಲ ಪ್ರಭುವು ಈ ಕಾರ್ಯವನ್ನು ಹರಸಲಿ.