ಹಾಡಿನ ಕೊಸರು



ಹಮ್ಮಿಗಿಯಂಥ ಹೊಳೆಸಾಲಿನ ಊರಿನಿಂದ ಮುಂಡರಗಿ ಪೇಟೆಗೆ ಹೋಗಿ ಕಾಯಿಪಲ್ಲೆ ಕೊಂಡವರಿಗೆ 'ಕೊಸರು' ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಿಲೋ ಬದನೆಕಾಯಿ ತೂಗಿಸಿಕೊಂಡ ಮೇಲೂ ಕೊಳ್ಳುವವರು ಚೀಲ ತೆರೆದು ಹಿಡಿದೇ ನಿಂತಿರುತ್ತಾರೆ. ಮಾರುವಾಕೆ ಮತ್ತೊಂದು ಕಾಯಿಯನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಮೇಲೆ ಹಾಕುತ್ತಾಳೆ. ದರ ಇಳಿಸು ಎಂದರೆ ಆಕೆ ಒಪ್ಪುವುದಿಲ್ಲ. ಆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಬಾರದಲ್ಲ! ದರ ಇಳಿಸಲಾಗದ ಕಡೆ ಸರಕನ್ನು ಹೆಚ್ಚಿಸುವುದೇ ಕೊಸರು.

ಈ ಸಣ್ಣ ಮಾತನ್ನು ನೆನಪಿನಲ್ಲಿಡಿ. ಇಂದು ನಾವು ವಿಚಾರ ಮಾಡುವುದು ಸಂಗೀತದ ಪೇಟೆಯ ಕೊಸರನ್ನು. ಒಬ್ಬ ಗಾಯಕನ ಒಂದೇ ಧ್ವನಿಮುದ್ರಿಕೆ, ಅದೇ ಹೆಸರು, ಅದೇ ಮುಖಚಿತ್ರ. ಆದರೆ ಅಮೆರಿಕದಲ್ಲಿ ಕೊಂಡರೆ ಹತ್ತು ಹಾಡು, ಜಪಾನಿನಲ್ಲಿ ಕೊಂಡರೆ ಹನ್ನೊಂದೋ ಹನ್ನೆರಡೋ ಹಾಡು. ಈ ಹೆಚ್ಚಿನ ಹಾಡಿಗೆ 'ಬೋನಸ್ ಟ್ರ್ಯಾಕ್' ಎಂದು ಹೆಸರು. ಹೀಗೇಕೆ? ಜಪಾನಿನವರ ಮೇಲೆ ಕಲಾವಿದರಿಗೆ ವಿಶೇಷ ಪ್ರೀತಿಯೇ? ಪ್ರೀತಿ ಇರಬಹುದು, ಆದರೆ ನಿಜವಾದ ಕಾರಣ ದರದಲ್ಲಿದೆ.

ಮೊದಲು, ಹಾಡು ಹೆಚ್ಚಿಸಲು ಜಾಗ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗಾನತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವ ಉಸ್ತಾದರೂ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸಬೇಕಾಗಿತ್ತು. 1948ರಲ್ಲಿ ಅಮೆರಿಕದಲ್ಲಿ ಲಾಂಗ್ ಪ್ಲೇ ತಟ್ಟೆ ಬಂದಿತು. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ಜಾಗ ಸಿಕ್ಕಿತು. ಹತ್ತು ಹನ್ನೆರಡು ಹಾಡುಗಳ ಗುಚ್ಛಕ್ಕೆ 'ಆಲ್ಬಮ್' ಎಂಬ ಹೆಸರು ಗಟ್ಟಿಯಾಯಿತು. ಅನಂತರ 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿಯೇ ಮೊದಲ ಬಾರಿಗೆ ಸಿ.ಡಿ. ಮಾರಾಟಕ್ಕೆ ಬಂದಿತು. ಅದರಲ್ಲಿ ಹಿಡಿಯುವುದು 74 ನಿಮಿಷ. ನಲವತ್ತು ನಿಮಿಷದ ಹಳೆಯ ಗುಚ್ಛವನ್ನು ಸಿ.ಡಿ.ಗೆ ಇಳಿಸಿದರೆ ಅರ್ಧ ಗಂಟೆಯಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಕೊಸರು ಹಾಕಲು ಚೀಲದಲ್ಲಿ ಜಾಗವಾಯಿತು.

ಹಾಕಲು ಹಾಡೂ ಇರುತ್ತಿತ್ತು. ಒಂದು ಗುಚ್ಛಕ್ಕೆಂದು ಕಲಾವಿದರು ಹದಿನೈದು ಹಾಡು ಮುದ್ರಿಸಿ ಹತ್ತನ್ನು ಆರಿಸುವುದುಂಟು. ಉಳಿದವು ಪೆಟ್ಟಿಗೆಯಲ್ಲಿರುತ್ತವೆ. ಸಭೆಯಲ್ಲಿ ಹಾಡಿದ್ದರ ಮುದ್ರಣ, ಬಿಡಿಯಾಗಿ ಬಂದ ತಟ್ಟೆಯ ಹಿಂಬದಿಯ ಹಾಡು, ವಾದ್ಯ ಬದಲಿಸಿದ ಮತ್ತೊಂದು ರೂಪ ಇವೂ ಇರುತ್ತವೆ. ಹೆಚ್ಚಿನ ಖರ್ಚಿಲ್ಲದೆ ಇವುಗಳಿಂದ ಒಂದನ್ನು ಸೇರಿಸಬಹುದು.

ಸರಿ, ಜಾಗವಿದೆ, ಹಾಡಿದೆ. ಆದರೆ ಜಪಾನಿಗೇ ಏಕೆ? ಇಲ್ಲಿ ಒಂದು ಕಾನೂನಿನ ಕಥೆಯಿದೆ. 1953ರಲ್ಲಿ ಜಪಾನ್ ತನ್ನ ಏಕಸ್ವಾಮ್ಯ ವಿರೋಧಿ ಕಾನೂನಿಗೆ ತಿದ್ದುಪಡಿ ಮಾಡಿತು. ಪುಸ್ತಕ, ವೃತ್ತಪತ್ರಿಕೆ, ಗಾನತಟ್ಟೆ ಮೊದಲಾದವಕ್ಕೆ ಒಂದು ವಿನಾಯಿತಿ ದೊರೆಯಿತು. ತಯಾರಿಸಿದವರು ನಿಗದಿ ಮಾಡಿದ ಬೆಲೆಗೇ ಅಂಗಡಿಯವರು ಮಾರಬೇಕು, ಇಳಿಸಿ ಮಾರುವಂತಿಲ್ಲ ಎಂದು ಕರಾರು ಮಾಡಿಕೊಳ್ಳಬಹುದು. ಟೋಕಿಯೋದ ದೊಡ್ಡ ಅಂಗಡಿಗೂ ಬೆಟ್ಟದ ಮೇಲಿನ ಸಣ್ಣ ಊರಿನ ಅಂಗಡಿಗೂ ಒಂದೇ ಬೆಲೆ. ಸಂಸ್ಕೃತಿಯ ಸರಕು ಎಲ್ಲರಿಗೂ ಒಂದೇ ಬೆಲೆಗೆ ಸಿಗಲಿ, ಸಣ್ಣ ಅಂಗಡಿಗಳೂ ಬದುಕಲಿ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಉದ್ದೇಶ ಒಳ್ಳೆಯದೇ.

ಆದರೆ ಗೋಡೆ ಕಟ್ಟಿದ ಕಡೆ ಬಾಗಿಲೂ ಇರುತ್ತದೆ. ವಿದೇಶದಲ್ಲಿ ತಯಾರಾಗಿ ಆಮದಾಗುವ ತಟ್ಟೆಗಳಿಗೆ ಈ ನಿಗದಿ ಬೆಲೆ ಅನ್ವಯವಾಗುವುದಿಲ್ಲ. 1980ರ ದಶಕದಲ್ಲಿ ಟೋಕಿಯೋದ ಶಿಬುಯಾದಂಥ ಪೇಟೆಗಳಲ್ಲಿ ಆಮದು ತಟ್ಟೆಗಳ ದೊಡ್ಡ ಅಂಗಡಿಗಳು ಬೆಳೆದವು. 1985ರ ನಂತರ ಜಪಾನಿನ ಯೆನ್ ನಾಣ್ಯದ ಬೆಲೆ ಡಾಲರಿನ ಎದುರು ಬಹಳ ಏರಿತು. ಹೊರಗಿನ ಸರಕು ಇನ್ನೂ ಅಗ್ಗವಾಯಿತು. ಲೆಕ್ಕಕ್ಕೆಂದು ನಮ್ಮ ರೂಪಾಯಿಯಲ್ಲೇ ಹೇಳುವುದಾದರೆ, ಒಬ್ಬ ಅಮೆರಿಕನ್ ಗಾಯಕನ ಸಿ.ಡಿ. ಜಪಾನಿನಲ್ಲಿ ತಯಾರಾದದ್ದು ನೂರು ರೂಪಾಯಿ, ಅದೇ ಸಿ.ಡಿ. ಅಮೆರಿಕದಿಂದ ಹಡಗಿನಲ್ಲಿ ಬಂದದ್ದು ಎಂಬತ್ತು ರೂಪಾಯಿ ಎಂದಿಟ್ಟುಕೊಳ್ಳಿ. ನೀವು ಯಾವುದನ್ನು ಕೊಳ್ಳುತ್ತೀರಿ?

ಈಗ ಜಪಾನಿನ ಕಂಪನಿಯ ಸಂಕಟ ನೋಡಿ. ನೂರನ್ನು ಎಂಬತ್ತಕ್ಕೆ ಇಳಿಸಿದರೆ ಕಟ್ಟಿಕೊಂಡ ಬೆಲೆಯ ವ್ಯವಸ್ಥೆಯೇ ಅಲುಗಾಡುತ್ತದೆ. ಇಳಿಸದಿದ್ದರೆ ಗಿರಾಕಿ ಆಮದಿನ ಕಡೆ ಹೋಗುತ್ತಾನೆ. ಉಳಿದ ದಾರಿ ಒಂದೇ: ಕೊಸರು! ಒಂದು ಹಾಡು ಹೆಚ್ಚು. ಜೊತೆಗೆ ಹಾಡುಗಳ ಸಾಹಿತ್ಯ ಮತ್ತು ಅದರ ಜಪಾನೀ ಅನುವಾದದ ಪುಸ್ತಿಕೆ. ಮೇಲೆ ವಿವರ ಅಚ್ಚಾದ ಒಂದು ಕಾಗದದ ಪಟ್ಟಿ. ಇವನ್ನು ಸೇರಿಸಬೇಕೆಂದು ಜಪಾನಿನ ಕಂಪನಿ ಅಮೆರಿಕ ಇಂಗ್ಲೆಂಡುಗಳ ಮೂಲ ಕಂಪನಿಯನ್ನು ಕೇಳಿಕೊಳ್ಳುತ್ತದೆ. ಆ ಹಾಡು ಬೇರೆ ದೇಶದ ಮುದ್ರಿಕೆಯಲ್ಲಿ ಇರಬಾರದು ಎಂಬುದೇ ಇದರ ತಿರುಳು. ಇದ್ದರೆ ಕೊಸರಿಗೆ ಬೆಲೆಯೆಲ್ಲಿ?

ಹಾಡು ಹೆಚ್ಚಿಸುವುದಷ್ಟೇ ಅಲ್ಲ, ಕಡಿಮೆ ಮಾಡುವ ಪದ್ಧತಿಯೂ ಇತ್ತು. ಬೀಟಲ್ಸ್ ತಂಡದ ಮೊದಲ ಲಾಂಗ್ ಪ್ಲೇ ತಟ್ಟೆ 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದಾಗ ಅದರಲ್ಲಿ 14 ಹಾಡುಗಳಿದ್ದವು. 1964ರಲ್ಲಿ ಅಮೆರಿಕದ ಕಂಪನಿ ಹೊರತಂದ ಅವರ ತಟ್ಟೆಯಲ್ಲಿ 12 ಹಾಡು ಮಾತ್ರ. ಅಮೆರಿಕದಲ್ಲಿ ಹಾಡು ರಚಿಸಿದವರ ಗೌರವಧನವನ್ನು ಹಾಡಿನ ಸಂಖ್ಯೆಯ ಮೇಲೆ ಕೊಡಬೇಕಾಗಿತ್ತು. ಹಾಡು ಕಡಿಮೆಯಾದಷ್ಟೂ ಖರ್ಚು ಕಡಿಮೆ. ಕಿತ್ತು ತೆಗೆದ ಹಾಡುಗಳನ್ನು ಕೂಡಿಸಿದರೆ ಮಾರಲು ಮತ್ತೊಂದು ತಟ್ಟೆ ಸಿದ್ಧ! 1967ರ ಹೊತ್ತಿಗೆ ಆ ತಂಡದ ಹೊಸ ತಟ್ಟೆ ಎರಡೂ ದೇಶಗಳಲ್ಲಿ ಒಂದೇ ರೂಪದಲ್ಲಿ ಬರತೊಡಗಿತು. ಕಲಾವಿದರು ಜೋಡಿಸಿದ ಕ್ರಮವನ್ನು ಮೊದಲಿಗೆ ಲೆಕ್ಕದ ಪುಸ್ತಕ ಬದಲಿಸಿತ್ತು ಎಂಬುದನ್ನು ಗಮನಿಸಿ.

ಇದೆಲ್ಲ ದೂರದ ದೇಶದ ಮಾತು, ನಮಗೇನು ಸಂಬಂಧ ಎನ್ನುವಿರಾ? ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ವಿದೇಶಿ ಲೇಖಕರು ಬರೆದ ಭೌತಶಾಸ್ತ್ರದ ಅಥವಾ ಗಣಿತದ ಪಠ್ಯಪುಸ್ತಕವೊಂದನ್ನು ಕೈಗೆತ್ತಿಕೊಳ್ಳಿ. ಎಷ್ಟೋ ಪುಸ್ತಕಗಳ ರಕ್ಷಾಪುಟದ ಮೇಲೆ, ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಅರ್ಥದ ಇಂಗ್ಲಿಷ್ ಸಾಲು ಅಚ್ಚಾಗಿರುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಎಟುಕುವ ಬೆಲೆಗೆ, ಸಾದಾ ಕಾಗದದಲ್ಲಿ ಅಚ್ಚು ಹಾಕಿದ ಪುಸ್ತಕ ಅದು. ಅದು ಅಮೆರಿಕಕ್ಕೆ ಹೋದರೆ ಅಲ್ಲಿಯ ದುಬಾರಿ ಪ್ರತಿ ಮಾರಾಟವಾಗುವುದಿಲ್ಲ. ಜಪಾನಿನಲ್ಲಿ ಅಗ್ಗದ ಸರಕು ಹೊರಗಿನಿಂದ ಒಳಕ್ಕೆ ಹರಿಯುತ್ತದೆಂಬ ಭಯ. ಇಲ್ಲಿ ಅಗ್ಗದ ಸರಕು ನಮ್ಮಿಂದ ಹೊರಕ್ಕೆ ಹರಿಯುತ್ತದೆಂಬ ಭಯ. ರೋಗ ಒಂದೇ, ದಿಕ್ಕು ಬೇರೆ. ಥಾಯ್ಲೆಂಡಿನ ಒಬ್ಬ ವಿದ್ಯಾರ್ಥಿ ತನ್ನ ದೇಶದ ಅಗ್ಗದ ಪಠ್ಯಪುಸ್ತಕಗಳನ್ನು ಅಮೆರಿಕಕ್ಕೆ ತರಿಸಿ ಮಾರಿದಾಗ ಪ್ರಕಾಶಕರು ಮೊಕದ್ದಮೆ ಹೂಡಿದರು. 2013ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ನ್ಯಾಯವಾಗಿ ಅಚ್ಚಾದ ಪ್ರತಿಯನ್ನು ಕೊಂಡವನು ಅದನ್ನು ಮರುಮಾರಾಟ ಮಾಡಬಹುದು ಎಂದು ತೀರ್ಪು ಕೊಟ್ಟಿತು. ಜಪಾನ್ ಮಾತ್ರ ಬೇರೆ ದಾರಿ ಹಿಡಿದಿತ್ತು. ನೆರೆಯ ಏಷ್ಯಾ ದೇಶಗಳಲ್ಲಿ ಅಗ್ಗವಾಗಿ ಮಾರುವ ಜಪಾನೀ ಹಾಡುಗಳ ಸಿ.ಡಿ.ಗಳು ತಿರುಗಿ ಮನೆಗೆ ಬರದಂತೆ ತಡೆಯಲು 2005ರಿಂದ ಕಾನೂನಿನಲ್ಲಿ ಅವಕಾಶ ಮಾಡಿಕೊಂಡಿತು.

ಗಡಿ ಎಂಬುದು ನಮಗೂ ಹೊಸತಲ್ಲ. ಹಮ್ಮಿಗಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಈಗ ಅಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇದೆ. 1953ರವರೆಗೆ ಹೊಳೆಯಾಚೆಯ ಹಡಗಲಿ ಸೀಮೆ ಮದ್ರಾಸ್ ಆಡಳಿತದಲ್ಲಿತ್ತು, ಈಚೆಯ ಮುಂಡರಗಿ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಇತ್ತ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ ಸೇರಿದ್ದವು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಇಷ್ಟೊಂದು ಸರಕಾರಗಳು! ಆದರೂ ಭಜನೆಯ ಪದ, ದೊಡ್ಡಾಟದ ಮಟ್ಟು ಯಾವ ಗಡಿಯನ್ನೂ ಕೇಳಲಿಲ್ಲ. ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಗಡಿಯಿಲ್ಲ. ಹಾಡು ಸರಕಾಗಿ ತಟ್ಟೆಯೊಳಗೆ ಕೂತಾಗ ಮಾತ್ರ ಅದಕ್ಕೊಂದು ಬೆಲೆಚೀಟಿ, ಒಂದು ಸುಂಕದ ಕಟ್ಟೆ ಬರುತ್ತದೆ.

ಇಲ್ಲಿ ಒಂದು ಭೇದವನ್ನು ತಿಳಿದುಕೊಳ್ಳಬೇಕು. ನಮ್ಮ ಜಿಲ್ಲೆಯ ಹೆಮ್ಮೆಯ ಪಂಡಿತ ಭೀಮಸೇನ ಜೋಶಿಯವರು ಕನ್ನಡಿಗರಿಗೆ ದಾಸವಾಣಿಯನ್ನೂ ಮರಾಠಿಗರಿಗೆ ಅಭಂಗವಾಣಿಯನ್ನೂ ಹಾಡಿದರು. ಎರಡರ ಧ್ವನಿಸುರುಳಿಗಳೂ ಮನೆಮನೆಯಲ್ಲಿ ಕೇಳಿಬಂದವು. ಇದೂ ಒಂದೊಂದು ನಾಡಿಗೆ ಬೇರೆ ಬೇರೆ ಹಾಡೇ. ಆದರೆ ಇದು ಕೊಸರಲ್ಲ. ಇದು ಎರಡು ಪಂಕ್ತಿಗೂ ಬಡಿಸಿದ ಪೂರ್ಣ ಊಟ. ಒಂದೊಂದು ಭಾಷೆಯವರ ಹೃದಯವನ್ನು ಅರಿತು ಹಾಡಿದ್ದು. ಬೋನಸ್ ಹಾಡಿನಲ್ಲಿ ಅಂಥ ಕಾರಣವಿಲ್ಲ. ಆ ಹಾಡು ಜಪಾನಿನವರಿಗಾಗಿ ಹುಟ್ಟಿದ್ದೂ ಅಲ್ಲ. ಜಪಾನಿನ ಬೆಲೆಗಾಗಿ ಅಲ್ಲಿಗೆ ಹೋದದ್ದು.

ಇದರಿಂದ ಯಾರಿಗೆ ನಷ್ಟ? ಎಲ್ಲ ಹಾಡನ್ನೂ ಕೇಳಬೇಕೆಂಬ ಅಭಿಮಾನಿಗೆ. ಒಂದು ಹಾಡಿಗಾಗಿ ಆತ ಇಡೀ ಗುಚ್ಛವನ್ನು ಇನ್ನೊಂದು ಸಲ, ಅದೂ ದೂರದೇಶದಿಂದ ತರಿಸಿ ಕೊಳ್ಳಬೇಕು. ಹಣವಿಲ್ಲದವನಿಗೆ ಆ ಹಾಡು ಇಲ್ಲ. ಕೊಸರಿಗೆ ಹಾಕಿದ ಕಾಯಿ ಕೆಲವೊಮ್ಮೆ ತೂಕದ ಕಾಯಿಗಿಂತ ಎಳೆಯದಾಗಿರುವಂತೆ, ಹಾಗೆ ಸೇರಿಸಿದ ಹಾಡೇ ಉಳಿದವಕ್ಕಿಂತ ಸೊಗಸಾಗಿರುವುದೂ ಉಂಟು.

ಈಗ ಕಾಲ ಬದಲಾಗಿದೆ. ಮೊದಲು ಒಂದೇ ಗುಚ್ಛ ಇಂಗ್ಲೆಂಡಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ, ಜಪಾನಿನಲ್ಲಿ ಬುಧವಾರ ಬಿಡುಗಡೆಯಾಗುತ್ತಿತ್ತು. 2015ರ ಜುಲೈ 10ರಿಂದ ಬಹುತೇಕ ದೇಶಗಳಿಗೆ ಶುಕ್ರವಾರವೇ ಬಿಡುಗಡೆಯ ದಿನವೆಂದು ಒಪ್ಪಿಕೊಳ್ಳಲಾಯಿತು. ಮೊಬೈಲಿನಲ್ಲಿ ಹಾಡು ಕೇಳುವವರಿಗೆ ಸಿ.ಡಿ.ಯ ಬೆಲೆಯ ಚಿಂತೆಯಿಲ್ಲ. ಆದರೂ ಕೆಲವು ಹಾಡುಗಳನ್ನು ಒತ್ತಿದಾಗ, ಇದು ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂಬ ಸೂಚನೆ ಬರುತ್ತದೆ. ಹಕ್ಕುಗಳನ್ನು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರಿರುವುದೇ ಅದಕ್ಕೆ ಕಾರಣ. ಸುಂಕದ ಕಟ್ಟೆ ಕಣ್ಣಿಗೆ ಕಾಣದಾಗಿದೆ, ಹೋಗಿಲ್ಲ.

ಒಂದು ಹಾಡು ಒಂದು ಊರಿಗೆ ತಲುಪಿದರೇನು, ತಲುಪದಿದ್ದರೇನು ಎಂದು ನೀವು ಕೇಳಬಹುದು. ಉತ್ತರ ನಮ್ಮ ಗದುಗಿನಲ್ಲಿಯೇ ಇದೆ. 1922ರಲ್ಲಿ ಹುಟ್ಟಿದ ಭೀಮಸೇನ ಎಂಬ ಹುಡುಗ ಉಸ್ತಾದ್ ಅಬ್ದುಲ್ ಕರೀಂ ಖಾನರ ಒಂದು ಗಾನತಟ್ಟೆ ಕೇಳಿದ. ಜಿಂಝೋಟಿ ರಾಗದ ಒಂದು ಠುಮ್ರಿ. ಮೂರು ನಿಮಿಷದ ಸಂಗೀತ. ಹಾಗೆ ಹಾಡಬೇಕೆಂಬ ಹಂಬಲ ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ಉತ್ತರದೇಶವನ್ನೆಲ್ಲ ಅಲೆದು ಕೊನೆಗೆ ಅದೇ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ. 2008ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಘೋಷಣೆಯಾಯಿತು. ಆ ತಟ್ಟೆ, ಬೇರೆ ಊರಿನವರಿಗೆ ಮಾತ್ರ ಎಂದು ಗದುಗಿಗೆ ಬಾರದೇ ಇದ್ದಿದ್ದರೆ?

ಆದ್ದರಿಂದ ಮಿತ್ರರೇ, ಕೊಸರು ಸಿಕ್ಕಾಗ ಸಂತೋಷಪಡಿ. ಆದರೆ ಅದು ಏಕೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದೂ ಕೇಳಿರಿ. ಮನೆಯ ಅಟ್ಟದ ಮೇಲೆ ಹಳೆಯ ಧ್ವನಿಸುರುಳಿ, ಗಾನತಟ್ಟೆ ಇದ್ದರೆ ಇಳಿಸಿ ಧೂಳು ಒರೆಸಿ. ಎಲ್ಲಿ ತಯಾರಾಯಿತು, ಯಾವ ವರ್ಷ, ಎಷ್ಟು ಹಾಡು, ಎಷ್ಟು ಬೆಲೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬೇರೆಲ್ಲೂ ಸಿಗದ ಒಂದು ಹಾಡು ನಿಮ್ಮ ಮನೆಯಲ್ಲಿಯೇ ಉಳಿದಿರಬಹುದು. ಅದನ್ನು ನಾಲ್ಕು ಜನರಿಗೆ ಕೇಳಿಸಿ.