ಸ್ಟೇರಿಂಗ್ ಯಾಕೋ ಗಟ್ಟಿಯಾಗಿದೆ!

ಶೃಂಗೇರಿಯಲ್ಲಿ ಶಾರದಮ್ಮನ ದರ್ಶನ ಮಾಡಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಊಟ ಮುಗಿಸಿ ಎಲ್ಲರೂ ಕಾರು ಹತ್ತಿದ್ದೀರಿ ಅಂದುಕೊಳ್ಳಿ. ಬೆಳಿಗ್ಗೆ ಸಲೀಸಾಗಿ ಬಂದ ಕಾರು ಅದು. ಈಗ ಅಪ್ಪ ಎರಡೂ ಕೈ ಹಾಕಿ, ತುಟಿ ಕಚ್ಚಿ ತಿರುಗಿಸುತ್ತಿದ್ದಾರೆ. "ಸ್ಟೇರಿಂಗ್ ಯಾಕೋ ಗಟ್ಟಿಯಾಗಿದೆಯಲ್ಲ" ಅನ್ನುತ್ತಾರೆ. "ಕೊಪ್ಪದಲ್ಲಿ ಗ್ಯಾರೇಜಿಗೆ ತೋರಿಸಿದರಾಯ್ತು" ಅನ್ನುತ್ತಾರೆ ಅಮ್ಮ. ಕೊಪ್ಪ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತ ನೀವು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಕಾರು ನಿಂತಾಗ ಮಾತ್ರ ಗಟ್ಟಿಯೋ, ಓಡುವಾಗಲೂ ಗಟ್ಟಿಯೋ? ಒಂದೇ ಕಡೆಗೋ, ಎರಡೂ ಕಡೆಗೋ? ತಿರುಗಿಸುವಾಗ ಏನಾದರೂ ಸದ್ದು ಬರುತ್ತಿದೆಯೋ? ಕೇಳಿ, ನೋಡಿ, ನೆನಪಿಟ್ಟುಕೊಳ್ಳಿ.

ಗಟ್ಟಿ ಅನ್ನುವುದು ಎಲ್ಲಿಂದ ಬರುತ್ತದೆ ಅಂತ ಸೈಕಲ್ಲಿನಲ್ಲೇ ನೋಡಬಹುದು. ಸೈಕಲ್ ನಿಲ್ಲಿಸಿಕೊಂಡು, ಹ್ಯಾಂಡಲ್ ಮೇಲೆ ಮೈಭಾರವನ್ನೆಲ್ಲ ಬಿಟ್ಟು ತಿರುಗಿಸಿ. ಟೈರು ನೆಲವನ್ನು ಉಜ್ಜುತ್ತದೆ, ಕೈ ನೋಯುತ್ತದೆ. ಈಗ ಎರಡು ಹೆಜ್ಜೆ ತಳ್ಳುತ್ತಾ ತಿರುಗಿಸಿ. ಎಷ್ಟು ಹಗುರ! ಉರುಳುವ ಟೈರು ಒಂದೇ ಜಾಗದಲ್ಲಿ ಉಜ್ಜುತ್ತಾ ಕೂರುವುದಿಲ್ಲ, ಕ್ಷಣಕ್ಷಣಕ್ಕೂ ಹೊಸ ನೆಲ ಹಿಡಿಯುತ್ತದೆ. ಕಾರಿನಲ್ಲೂ ಹೀಗೆಯೇ, ಭಾರ ಮಾತ್ರ ಬೇರೆ. ಎಂಜಿನ್ ಮುಂದಿರುವುದರಿಂದ ಸಣ್ಣ ಕಾರಿನ ಮುಂದಿನ ಎರಡು ಚಕ್ರಗಳ ಮೇಲೆ ಸುಮಾರು 500 ಕಿಲೋ ಕೂತಿರುತ್ತದೆ. ಹತ್ತು ಮೂಟೆ ಅಕ್ಕಿ!

ಹಾಗಾದರೆ ಬಸ್ಸು? ಕೊಪ್ಪದ ಅಜ್ಜಂದಿರನ್ನು ಕೇಳಿ. ಅವರು ಶಂಕರ್ ಕಂಪನಿಯ ಬಸ್ಸುಗಳ ಸುದ್ದಿ ಹೇಳುತ್ತಾರೆ. ಆ ಕಂಪನಿಯ ಕೆಲಸಗಾರರೇ ಒಟ್ಟಾಗಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಸುದ್ದಿಯನ್ನೂ ಹೇಳುತ್ತಾರೆ. ಬಸ್ಸು ಓಡಿಸುವವರೇ ಬಸ್ಸಿನ ಮಾಲೀಕರು! 2020ರಲ್ಲಿ ಆ ಬಸ್ಸುಗಳ ಓಡಾಟ ನಿಂತಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಶಂಕರ್ ಕಂಪನಿಯ ಕಾಲದ ಎಷ್ಟೋ ಬಸ್ಸು ಲಾರಿಗಳಲ್ಲಿ ಪವರ್ ಸ್ಟೇರಿಂಗ್ ಇರಲಿಲ್ಲ. ಅದಕ್ಕೇ ಸ್ಟೇರಿಂಗ್ ಚಕ್ರ ಹರಿವಾಣದ ಹಾಗೆ ಅಗಲವಾಗಿರುತ್ತಿತ್ತು. ಅಗಲ ಹೆಚ್ಚಿದಷ್ಟೂ ಕೈಗೆ ಬೇಕಾದ ಬಲ ಕಡಿಮೆ. ಉದ್ದ ಹಾರೆಯಿಂದ ದೊಡ್ಡ ಕಲ್ಲು ಎಬ್ಬಿಸುವುದೂ ಇದೇ ಲೆಕ್ಕ. ಆದರೂ ಘಾಟಿಯ ತಿರುವಿನಲ್ಲಿ ಡ್ರೈವರು ಸೀಟಿನಿಂದ ಅರ್ಧ ಎದ್ದು ತಿರುಗಿಸಬೇಕಾಗುತ್ತಿತ್ತು. ನರಸಿಂಹರಾಜಪುರದ ಮಕ್ಕಳಿಗೆ ಇನ್ನೊಂದು ಸಂಗತಿ: ನಿಮ್ಮೂರಿಗೆ ಹಿಂದೆ ತರೀಕೆರೆಯಿಂದ ಪುಟ್ಟ ರೈಲು ಬರುತ್ತಿತ್ತು, ಅದರ ಹಳಿಗಳ ನಡುವೆ ಎರಡೇ ಅಡಿ. ಅದನ್ನು ಓಡಿಸುವವರಿಗೆ ಈ ಕಷ್ಟವೇ ಇರಲಿಲ್ಲ. ಹಳಿ ತಿರುಗಿದ ಕಡೆ ರೈಲು!

ಅಮೆರಿಕದಲ್ಲಿ ಲಾರಿ ಕಾರ್ಖಾನೆಯ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್, ಈ ಕಷ್ಟಕ್ಕೆ ಎಣ್ಣೆಯನ್ನು ಕೆಲಸಕ್ಕೆ ಹಚ್ಚಿದರು. 1926ರಲ್ಲಿ ಒಂದು ಕಾರಿಗೆ ಅದನ್ನು ಕೂಡಿಸಿ ಓಡಿಸಿ ತೋರಿಸಿದರು. ಆದರೆ ಅಂಗಡಿಯಲ್ಲಿ ಕೊಳ್ಳುವ ಕಾರಿಗೆ ಪವರ್ ಸ್ಟೇರಿಂಗ್ ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ. ಇಪ್ಪತ್ತೈದು ವರ್ಷ ಕಾಯಬೇಕಾಯಿತು.

ಎಣ್ಣೆ ಹೇಗೆ ಚಕ್ರ ತಳ್ಳುತ್ತದೆ? ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಎರಡು ಸಿರಿಂಜ್ ತನ್ನಿ. ನಡುವೆ ಸಣ್ಣ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ. ಒಂದಿಷ್ಟೂ ಗಾಳಿ ಉಳಿಯದ ಹಾಗೆ ನೀರು ತುಂಬಿ. ಇದನ್ನು ಬಕೆಟ್ಟಿನ ನೀರೊಳಗೇ ಮಾಡಿದರೆ ಸುಲಭ. ಈಗ ಒಂದನ್ನು ಒತ್ತಿ. ಒತ್ತಿದ ಮರುಕ್ಷಣ ಇನ್ನೊಂದು ಹೊರಗೆ ಬರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಹಾಗಾಗಿ ಒತ್ತಡ ಎಲ್ಲ ಕಡೆಗೂ ಹರಡಿ ಆಚೆ ತುದಿಯನ್ನು ತಳ್ಳುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದ ನಿಯಮ ಇದು. ಆಮೇಲೆ ಬೇಕೆಂದೇ ಒಂದು ಗಾಳಿಗುಳ್ಳೆಯನ್ನು ಒಳಗೆ ಬಿಡಿ. ಒತ್ತಿದರೆ ಗುಳ್ಳೆ ಸ್ಪ್ರಿಂಗಿನ ಹಾಗೆ ಕುಗ್ಗುತ್ತದೆ, ಆಚೆಯ ಸಿರಿಂಜ್ ತಡವಾಗಿ, ತಡವರಿಸಿ ಚಲಿಸುತ್ತದೆ. ಈ ಗುಳ್ಳೆ ನೆನಪಿರಲಿ.

ಕಾರಿನಲ್ಲಿ ಒತ್ತುವ ಕೆಲಸ ಒಂದು ಪಂಪಿನದು. ಎಂಜಿನ್ ಒಂದು ಬೆಲ್ಟಿನ ಮೂಲಕ ಅದನ್ನು ತಿರುಗಿಸುತ್ತದೆ. ಸ್ಟೇರಿಂಗ್ ಕಂಬದ ಬುಡದಲ್ಲಿ ತೆಳ್ಳಗಿನ ಉಕ್ಕಿನ ಸರಳೊಂದಿದೆ. ನೀವು ಸ್ಟೇರಿಂಗ್ ತಿರುಗಿಸಿದರೆ ಮೊದಲು ಅದು ಒಂಚೂರು ಹುರಿಗೊಳ್ಳುತ್ತದೆ. ಅಷ್ಟಕ್ಕೇ ಒಂದು ಬಾಗಿಲು ತೆರೆದು, ಎಣ್ಣೆ ಎಡಕ್ಕೋ ಬಲಕ್ಕೋ ನುಗ್ಗುತ್ತದೆ. ಎತ್ತ ಹೋಗಬೇಕೆಂದು ಕೈ ಹೇಳುತ್ತದೆ, ತಳ್ಳುವುದು ಎಣ್ಣೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬನ್ನಿ. ತಿರುಗಿಸುವಾಗ ಬಾನೆಟ್ಟಿನೊಳಗೆ ಗುರ್‌ರ್ ಅಂತ ನರಳಿದ ಸದ್ದು ಬಂದರೆ ಎಣ್ಣೆ ಕಡಿಮೆಯಾಗಿ ಪಂಪಿಗೆ ಗಾಳಿ ಸೇರಿರಬಹುದು. ಸಿರಿಂಜಿನ ಗುಳ್ಳೆ ಇಲ್ಲಿಗೆ ಬಂತು ನೋಡಿ! ಎಣ್ಣೆ ಡಬ್ಬಿಯಲ್ಲಿ ಕಡೆದ ಮಜ್ಜಿಗೆಯ ಹಾಗೆ ನೊರೆ ಇದ್ದರಂತೂ ಅನುಮಾನವೇ ಬೇಡ. ಕೀಂ ಅಂತ ಕಿರುಚಿದರೆ ಬೆಲ್ಟು ಜಾರುತ್ತಿದೆ. ನಮ್ಮ ಮಳೆಗಾಲದಲ್ಲಿ ಬೆಲ್ಟು ಒದ್ದೆಯಾಗಿಯೂ ಕಿರುಚುತ್ತದೆ, ಒಣಗಿದ ಮೇಲೆ ಸುಮ್ಮನಾಗುತ್ತದೆ. ಒಣಗಿದರೂ ನಿಲ್ಲದಿದ್ದರೆ ಬೆಲ್ಟು ಸಡಿಲವಾಗಿದೆ ಅಥವಾ ಸವೆದಿದೆ. ಒಂದೇ ಕಡೆಗೆ ಗಟ್ಟಿಯಾದರೆ ಪಂಪನ್ನು ಬೈಯಬೇಡಿ. ಪಂಪು ಎರಡೂ ಕಡೆಗೆ ಒಂದೇ, ತೊಂದರೆ ಆ ಬಾಗಿಲಿನಲ್ಲೋ ಒಳಗಿನ ಸೀಲಿನಲ್ಲೋ ಇರಬೇಕು. ಸ್ಟೇರಿಂಗನ್ನು ಪೂರ್ತಿ ಕೊನೆಯವರೆಗೆ ತಿರುಗಿಸಿ ಹಿಡಿದಾಗ ಮಾತ್ರ ಸದ್ದು ಬಂದರೆ ಗಾಬರಿಯಾಗಬೇಕಿಲ್ಲ. ಆಗ ಒತ್ತಡ ಮಿತಿ ಮುಟ್ಟಿ ಎಣ್ಣೆ ಪಂಪಿಗೇ ಮರಳುತ್ತದೆ. ಹಾಗೆ ಬಹಳ ಹೊತ್ತು ಹಿಡಿಯದಿರುವುದು ಒಳ್ಳೆಯದು, ಎಣ್ಣೆ ಕಾಯುತ್ತದೆ.

ಎಷ್ಟೋ ಸಲ ಕಳ್ಳ ಬಾನೆಟ್ಟಿನೊಳಗೆ ಇರುವುದೇ ಇಲ್ಲ. ಮುಂದಿನ ಟೈರುಗಳಲ್ಲಿ ಗಾಳಿ ಇಳಿದರೂ ಸ್ಟೇರಿಂಗ್ ಗಟ್ಟಿಯಾಗುತ್ತದೆ, ನೆಲಕ್ಕೆ ತಾಗುವ ರಬ್ಬರು ಹೆಚ್ಚುತ್ತದಲ್ಲ! ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷದ ಕೆಲಸ.

ಹೆಚ್ಚಿನ ಹೊಸ ಕಾರುಗಳಲ್ಲಿ ಈ ಎಣ್ಣೆಯೇ ಇರುವುದಿಲ್ಲ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿಗೆ ವಿದ್ಯುತ್ ಮೋಟರಿನ ಸ್ಟೇರಿಂಗ್ ಬಂತು. ಈಗ ನಮ್ಮೂರ ಕಾರುಗಳಲ್ಲೂ ಅದೇ ಹೆಚ್ಚು. ಅಲ್ಲಿ ನೋಡಬೇಕಾದದ್ದು ಡ್ಯಾಶ್‌ಬೋರ್ಡಿನ ಸ್ಟೇರಿಂಗ್ ಚಿತ್ರದ ದೀಪ. ಎಂಜಿನ್ ಓಡುತ್ತಿರುವಾಗಲೂ ಅದು ಉರಿಯುತ್ತಲೇ ಇದ್ದರೆ ಬ್ಯಾಟರಿ ಸೋತಿರಬಹುದು, ಫ್ಯೂಸ್ ಹೋಗಿರಬಹುದು, ಮಳೆಗೆ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದ ಇಲಿ ವೈರು ಕಡಿದಿರಲೂಬಹುದು. ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಹಿಂದೆ ಮುಂದೆ ಹತ್ತಾರು ಸಲ ತಿರುಗಿಸಿದರೆ ಮೋಟರ್ ಬಿಸಿಯಾಗಿ, ತಾನೇ ಸಹಾಯ ಕಡಿಮೆ ಮಾಡುತ್ತದೆ. ತಣ್ಣಗಾದ ಮೇಲೆ ಮತ್ತೆ ಹಗುರ. ಶೃಂಗೇರಿಯಲ್ಲಿ ಅಪ್ಪನಿಗೆ ಆದದ್ದು ಅದೂ ಇರಬಹುದು.

ಒಂದು ಮಾತನ್ನು ದೊಡ್ಡವರಿಗೆ ನೀವೇ ಹೇಳಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಾಗಲಿ, ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳದ ಕಡೆ ಇಳಿಯುವಾಗಾಗಲಿ, ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡುವವರಿದ್ದಾರೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಸ್ಟೇರಿಂಗ್ ಒಮ್ಮೆಲೇ ಕಲ್ಲಾಗುತ್ತದೆ. ಬ್ರೇಕಿಗೆ ಸಿಗುವ ಸಹಾಯವೂ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಮುಂದೆ ತಿರುವು, ಕೆಳಗೆ ಕಣಿವೆ. "ಬೇಡ ಅಪ್ಪ" ಎಂದು ಗಟ್ಟಿಯಾಗಿ ಹೇಳಿ.

ಮನೆಗೆ ಬಂದ ಮೇಲೆ ಕಾರಿನ ಮುಂಭಾಗದ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಎಂಜಿನ್ ಓಡುವಾಗ ಬಾನೆಟ್ಟಿನೊಳಗೆ ಕೈ ಹಾಕಬೇಡಿ, ಬೆಲ್ಟಿಗೆ ಬೆರಳೂ ಒಂದೇ, ಶಾಲೂ ಒಂದೇ. ಬೆಳಿಗ್ಗೆ ರಟ್ಟು ನೋಡಿ. ಬರೀ ನೀರಾದರೆ ಮಳೆಯದೋ ಎಸಿಯದೋ ಇರಬಹುದು. ಬೆರಳಿಗೆ ಜಿಡ್ಡು ಹತ್ತುವ ಕೆಂಪು ಕಲೆಯಾದರೆ ಅದು ಬಹುಶಃ ಸ್ಟೇರಿಂಗ್ ಎಣ್ಣೆ. ಕಂದುಗಟ್ಟಿದ್ದರೆ ಹಳೆಯದಾಗಿದೆ. ಕಲೆ ಯಾವ ಚಕ್ರದ ಹತ್ತಿರ ಬಿದ್ದಿದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ರಟ್ಟನ್ನು ಗ್ಯಾರೇಜಿಗೇ ತೆಗೆದುಕೊಂಡು ಹೋಗಿ. "ಅಣ್ಣಾ, ಎರಡೂ ಕಡೆ ಗಟ್ಟಿ. ತಿರುಗಿಸುವಾಗ ಗುರ್ ಅನ್ನುತ್ತದೆ. ಕೆಂಪು ಕಲೆ ಎಡಗಡೆ ಚಕ್ರದ ಹತ್ತಿರ ಇತ್ತು" ಎನ್ನಿ. ಮೆಕ್ಯಾನಿಕ್ ಬಾನೆಟ್ ಎತ್ತಿ, ಟಾರ್ಚನ್ನು ನೇರ ಎಡಗಡೆಯ ಪೈಪಿನ ಕಡೆಗೆ ಹಿಡಿಯುತ್ತಾರೆ.