ಮುಖ ಹೇಳುವ ವಯಸ್ಸು

ಅಪರಿಚಿತರನ್ನು ಕಂಡೊಡನೆ ನಮ್ಮ ಕಣ್ಣು ಅವರ ವಯಸ್ಸನ್ನು ಅಳೆದುಬಿಡುತ್ತದೆ. ‘ಅಣ್ಣ’ ಎನ್ನಬೇಕೋ ‘ಅಜ್ಜ’ ಎನ್ನಬೇಕೋ ನಿಶ್ಚಯಿಸಲು ಕ್ಷಣಕಾಲವೂ ಬೇಡ. ಆದರೆ ಈ ಅಳತೆ ಎಷ್ಟು ನಿಜ?

ಮನಶ್ಶಾಸ್ತ್ರಜ್ಞರ ಪ್ರಯೋಗಗಳಂತೆ, ನಾವು ಎಳೆಯರ ವಯಸ್ಸಿಗೆ ಕೆಲವು ವರ್ಷ ಕೂಡಿಸುತ್ತೇವೆ, ವೃದ್ಧರದರಿಂದ ಕಳೆಯುತ್ತೇವೆ. ಓರಗೆಯವರ ವಯಸ್ಸನ್ನು ಮಾತ್ರ ತಕ್ಕಮಟ್ಟಿಗೆ ಸರಿಯಾಗಿ ಊಹಿಸುತ್ತೇವೆ.

ಮುಖವಾದರೂ ನಂಬತಕ್ಕ ಸಾಕ್ಷಿಯೇ? 28 ವರ್ಷ ಲಾರಿ ನಡೆಸಿದ, 69 ವಯಸ್ಸಿನ ಚಾಲಕನೊಬ್ಬನ ಚಿತ್ರವನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 2012ರಲ್ಲಿ ಪ್ರಕಟಿಸಿತು. ಕಿಟಕಿಯ ಬದಿಯ ಎಡಗೆನ್ನೆ ಬಿಸಿಲಿನಿಂದ ಸುಕ್ಕುಗಟ್ಟಿ ಜೋತಿತ್ತು. ಬಲಗೆನ್ನೆ ಅಷ್ಟು ಮುಪ್ಪಾಗಿರಲಿಲ್ಲ. ಒಂದೇ ಮುಖಕ್ಕೆ ಎರಡು ವಯಸ್ಸು! ಹೀಗಿರುವಾಗ, ಗದ್ದೆಯಲ್ಲಿ, ಕಲ್ಲುಗಣಿಯಲ್ಲಿ ದುಡಿಯುವವರ ಮುಖದಲ್ಲಿ ನಾವು ಓದುವುದು ವರ್ಷಗಳನ್ನೋ, ಬಿಸಿಲನ್ನೋ?

ಸಂತೆಯಲ್ಲಿ ಈ ತಪ್ಪು ನಗೆಯಲ್ಲಿ ಮುಗಿಯುತ್ತದೆ; ನ್ಯಾಯಪೀಠದ ಮುಂದೆ ಹಾಗಲ್ಲ. ಆಪಾದಿತನಿಗೆ 18 ತುಂಬಿತ್ತೇ ಎಂಬ ಪ್ರಶ್ನೆಯ ಮೇಲೆ ಅವನ ಬಾಳೇ ನಿಂತಿರುತ್ತದೆ. ನೋಟಕ್ಕೆ ಸಂಶಯ ಬಂದಾಗ 2015ರ ಬಾಲನ್ಯಾಯ ಕಾಯಿದೆ ಮೊದಲು ಕೇಳುವುದು ಶಾಲೆಯ ದಾಖಲೆಯನ್ನು, ಅದಿಲ್ಲವಾದರೆ ಜನನಪತ್ರವನ್ನು. ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಕ್ಷ-ಕಿರಣದ ಆ ಪರೀಕ್ಷೆಯಲ್ಲೂ ಎರಡು ವರ್ಷ ಹೆಚ್ಚುಕಡಿಮೆ ಆಗಬಹುದೆಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲೇ ಹೇಳಿದೆ.

ಎಲುಬನ್ನು ಹೊಕ್ಕು ನೋಡುವ ಕಿರಣಕ್ಕೇ ಇಷ್ಟು ಸಂಕೋಚವಿರುವಾಗ, ಬರಿಗಣ್ಣಿಗೇಕೆ ಅಷ್ಟು ಧೈರ್ಯವೆಂದು ನಾನು ಕೇಳಬಯಸುತ್ತೇನೆ. ದುಡಿದು ದುಡಿದು ಬೇಗ ಬಲಿತಂತೆ ಕಾಣುವ ಹುಡುಗನ ಪಾಲಿಗೆ, ಹುಟ್ಟಿದ ದಿನವನ್ನು ಬರೆದಿಟ್ಟ ಒಂದು ಹಾಳೆ ಅವನ ಮುಖಕ್ಕಿಂತ ದೊಡ್ಡ ಆಸರೆ.